ಅತ್ತೆಯ ಗಡಿಗೆ, ಅಳಿಯನ ಗುಳ್ಳೆ

ಕಲಬುರಗಿಯ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ನನ್ನ ಅಂಗಡಿಯ ಮುಂದೆ ನಿಂತು ನಾನು ಊದಿದ ಸಾಬೂನಿನ ಗುಳ್ಳೆಯೊಂದು ಕೋಟೆಯನ್ನು ಒಂದು ಸುತ್ತು ಹಾಕಿತು. ಅಲ್ಲಿಂದ ಮಹಾಗಾಂವ ಕ್ರಾಸಿಗೆ ಹೋಗಿ ಒಂದು ಚಹಾ ಕುಡಿಯುವಷ್ಟು ಹೊತ್ತು ದಣಿವಾರಿಸಿಕೊಂಡು, ಬೀದರ ಬಸ್ಸನ್ನು ಹಿಂದೆ ಹಾಕಿ ಕಮಲಾಪುರದಲ್ಲಿ ಇಳಿಯಿತು. ಅರ್ಧ ಕಮಲಾಪುರ ಅದನ್ನು ಕಣ್ಣಾರೆ ನೋಡಿದೆ. ಇನ್ನರ್ಧ ನೋಡಲಿಲ್ಲ, ಏಕೆಂದರೆ ಆ ಅರ್ಧ ಗುಳ್ಳೆಯ ಒಳಗೇ ಇತ್ತು.

ನಂಬಲಾಗದವರು ಇಲ್ಲಿಗೇ ನಿಲ್ಲಿಸಬಹುದು. ಸತ್ಯವಂತನಿಗೆ ಓದುಗರು ಕಡಿಮೆ ಎಂಬುದು ನನಗೆ ಮೊದಲಿನಿಂದಲೂ ಗೊತ್ತು.

ನಾನು ಖಂಡೆಪ್ಪ. ಕುಕ್ಕರ್ ರಿಪೇರಿ ನನ್ನ ಕಸಬು. ಕಲಬುರಗಿಯಲ್ಲಿ ಸೀಟಿ ಹೊಡೆಯುವ ಕುಕ್ಕರುಗಳಲ್ಲಿ ಮುಕ್ಕಾಲು ಪಾಲು ನನ್ನ ಅಪ್ಪಣೆ ಪಡೆದೇ ಸೀಟಿ ಹೊಡೆಯುತ್ತವೆ. ತೊಗರಿಯ ನಾಡಿನಲ್ಲಿ ಬೇಯದ ಬೇಳೆಗಿಂತ ದೊಡ್ಡ ಅವಮಾನ ಇನ್ನೊಂದಿಲ್ಲ; ಆದ್ದರಿಂದ ಬೇಳೆ ಬೇಯದ ಮನೆಯವರೆಲ್ಲ ಕುಕ್ಕರನ್ನು ಕಂಕುಳಲ್ಲಿ ಇಟ್ಟುಕೊಂಡು, ಜ್ವರ ಬಂದ ಕೂಸನ್ನು ತಂದಂತೆ ನನ್ನ ಅಂಗಡಿಗೆ ತರುತ್ತಾರೆ. ನಾನು ರಬ್ಬರ್ ಬದಲಿಸುತ್ತೇನೆ. ಬೇಳೆ ಬೇಯುವುದಿಲ್ಲ. ಸೀಟಿ ಬದಲಿಸುತ್ತೇನೆ. ಆಗಲೂ ಬೇಯುವುದಿಲ್ಲ. ಪಕ್ಕದ ಅಂಗಡಿಯ ಮಂಜೂರ್ ಭಾಯಿ ಮಾತ್ರ ತನ್ನ ಸಾಬೂನು, ಎಣ್ಣೆ, ಅತ್ತರಿನ ಬಾಟಲಿಗಳ ನಡುವೆ ಕೂತು, "ಕುಕ್ಕರಿಂದೇನು ಕಸೂರ್ ಇಲ್ಲ ಖಂಡೆಪ್ಪ, ನೀರು ಸವಳ ಅದ" ಎಂದು ನನ್ನ ಹೊಟ್ಟೆಯ ಮೇಲೆ ಹೊಡೆಯುತ್ತಿರುತ್ತಾನೆ. ವ್ಯಾಪಾರಿಯಾದವನು ಇಂಥ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದು. ನಾನು ಹಾಕಿಕೊಂಡಿರಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಒಂದು ಶನಿವಾರ ಕಮಲಾಪುರದಿಂದ ನನ್ನ ನಾದಿನಿ ಶೀಲಾಳ ಫೋನು ಬಂತು. ಅವಳು ಅಲ್ಲಿಯ ಒಂದು ಶಾಲೆಯಲ್ಲಿ ವಿಜ್ಞಾನದ ತಾತ್ಕಾಲಿಕ ಟೀಚರು. ಕಾಯಂ ಕೆಲಸವಲ್ಲ, ಪ್ರತಿ ವರ್ಷ ಬೇಸಿಗೆ ಬಂದರೆ ಮಾವಿನಕಾಯಿಯ ಜೊತೆಗೆ ಅವಳ ನೌಕರಿಯೂ ಅಲುಗಾಡುತ್ತಿತ್ತು.

"ಭಾವ, ಸೋಮವಾರ ಸಾಲಿಗಿ ಸಾಹೇಬ್ರು ಬರಾಕತ್ತಾರ. ನನ್ನ ಪಾಠ ನೋಡಿ ಚಲೋ ಅದ ಅಂತ ಬರದ್ರ ಮುಂದಿನ ವರ್ಷ ನನ್ನ ಇಟ್ಕೋತಾರ. ಇಲ್ಲಂದ್ರ ಇಲ್ಲ. ಸಾಬಾಣ ಗುಳ್ಳಿ ಮಾಡಿ ತೋರಿಸ್ಬೇಕಂತ ಮಾಡೀನಿ. ಒಂದು ಗ್ಲಿಸರಿನ್ ಬಾಟ್ಲಿ ತರ್ತೀರೇನು?"

"ಬಾಟ್ಲಿ ಯಾಕ, ನಾನೇ ಬರ್ತೀನಿ. ಗುಳ್ಳಿ ಊದೋದರಾಗ ನಮ್ಮ ಸಾಲಿಗೇ ನಾ ಫಸ್ಟ್ ಇದ್ದೆ."

"ಅಂಥಾ ಸ್ಪರ್ಧಾ ಇರ್ತದೇನು ಭಾವ?"

"ನಾ ಗೆದ್ದ ಮ್ಯಾಲ ಬಂದ್ ಮಾಡಿದ್ರು. ಉಳಿದವರ ಮನಸ್ಸು ನೋಯ್ತದಂತ."

ಒಲೆಯ ಮುಂದಿದ್ದ ನನ್ನ ಹೆಂಡತಿ ಅಂಬಿಕಾ ತಿರುಗಿ ಕೂಡ ನೋಡದೆ, "ಬಾಟ್ಲಿ ಕೊಟ್ಟು ಬರ್ರಿ. ಬಾಯಿ ಹಾಕಬ್ಯಾಡ್ರಿ" ಎಂದಳು. ಹೆಂಡತಿಯರಿಗೆ ವಿಜ್ಞಾನದ ಮೇಲೆ ಗೌರವ ಕಡಿಮೆ.

ಗ್ಲಿಸರಿನ್ ಕೇಳಿದಾಗ ಮಂಜೂರ್ ಭಾಯಿ ನನ್ನ ಮುಖವನ್ನೇ ನೋಡಿದ. "ತುಟಿ ಒಡದಾವೇನು?"

"ವಿಜ್ಞಾನಕ್ಕ ಬೇಕು."

"ಹಂಗಾದ್ರ ವಿಜ್ಞಾನದ್ದು ತುಟಿ ಒಡದಾವ" ಎಂದು ಬಾಟಲಿ ಕಟ್ಟಿಕೊಟ್ಟ.

ಭಾನುವಾರ ನಾನು ಮತ್ತು ಅಂಬಿಕಾ ಕಮಲಾಪುರಕ್ಕೆ ಹೋದೆವು. ಅತ್ತೆ ಭಾಗಮ್ಮ ನೀರು ಕೊಡುವ ಮೊದಲು ತಟ್ಟೆ ಹಾಕಿದರು. ಅವರ ತೊಗರಿ ಬೇಳೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ನನ್ನ ನಾಲಿಗೆ ನನ್ನನ್ನು ಕ್ಷಮಿಸುವುದಿಲ್ಲ. ಆ ಬೇಳೆ ಬೆಣ್ಣೆಗೆ ಹೇಳಿಕೊಡುತ್ತದೆ, ಹೀಗೆ ಕರಗಬೇಕು ನೋಡು ಅಂತ. ಗುಟ್ಟೇನೆಂದು ಯಾರಾದರೂ ಕೇಳಿದರೆ ಅತ್ತೆಯ ಉತ್ತರ ಒಂದೇ: "ನಮ್ಮ ಮ್ಯಾಲಿನ ಓಣಿ ಬೋರಿನ ನೀರು. ಮತ್ತೇನಿಲ್ಲ."

ಈ ಉತ್ತರದ ಹಿಂದೆ ಒಂದು ಯುದ್ಧವಿದೆ, ಅದು ಶುರುವಾದದ್ದು ನನ್ನದೇ ಮದುವೆಯಲ್ಲಿ. ಹಂದರದ ಕೆಳಗೆ ಊರೆಲ್ಲ ಪಂಕ್ತಿ ಕೂತಿತ್ತು. ಕೆಳಗಿನ ಓಣಿಯ ಚಂದಮ್ಮ, ಅತ್ತೆಯ ಬಾಲ್ಯದ ಗೆಳತಿ, ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದು, ಎಲ್ಲರಿಗೂ ಕೇಳುವಂತೆ, "ಬ್ಯಾಳಿ ಬೆಂದಿಲ್ಲ ಭಾಗಿ" ಎಂದುಬಿಟ್ಟಳು. ನನ್ನ ಕೊರಳಿನ ಹಾರ ಇನ್ನೂ ಬಾಡಿರಲಿಲ್ಲ, ಅವರಿಬ್ಬರ ಸ್ನೇಹ ಬಾಡಿತು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಕೆಳಗಿನ ಓಣಿಯ ಒಂದು ಹನಿ ನೀರೂ ಅತ್ತೆಯ ಹೊಸಿಲು ದಾಟುವಂತಿಲ್ಲ. ಅದೇ ವರ್ಷದಿಂದ ಅತ್ತೆಯ ಬೇಳೆ ಬೇಯತೊಡಗಿದ್ದು, ಅದೇ ವರ್ಷದಿಂದ ಮಾವ ದೇವೀಂದ್ರಪ್ಪನವರು ದಿನಾ ಬೆಳಿಗ್ಗೆ ಶಾಲು ಹೊದ್ದು ವಾಕಿಂಗ್ ಹೋಗತೊಡಗಿದ್ದು. ಬೇಸಿಗೆಯಲ್ಲೂ ಶಾಲು. ಸಕ್ಕರೆ ಕಾಯಿಲೆಯವರಿಗೆ ಚಳಿ ಜಾಸ್ತಿ ಎಂದು ನಾವೆಲ್ಲ ತಿಳಿದಿದ್ದೆವು.

ಊಟವಾದ ಮೇಲೆ ಅಂಗಳದಲ್ಲಿ ಪ್ರಯೋಗಕ್ಕೆ ಕೂತೆವು. ಶೀಲಾ ವಿವರಿಸಿದಳು: ಬಟ್ಟೆ ತೊಳೆಯುವ ಸಾಬೂನನ್ನು ತುರಿದು ಬೆಚ್ಚನೆಯ ನೀರಿನಲ್ಲಿ ಕರಗಿಸಬೇಕು, ನಾಲ್ಕು ಹನಿ ಗ್ಲಿಸರಿನ್ ಬಿಡಬೇಕು, ತಂತಿಯ ಬಳೆಯನ್ನು ಅದ್ದಿ ಮೆಲ್ಲಗೆ ಊದಬೇಕು.

"ಗುಳ್ಳಿ ಅಂದ್ರ ನೀರಿಂದೊಂದು ಪದರ ಭಾವ, ಆಚೀಗಿ ಈಚೀಗಿ ಸಾಬಾಣ. ಗ್ಲಿಸರಿನ್ ಹಾಕಿದ್ರ ನೀರು ಲಗೂ ಆರಂಗಿಲ್ಲ. ಜೋರು ಊದಿದ್ರ ಪದರ ಹರೀತದ. ಮೆಲ್ಲಕ."

"ನನಗ ಹೇಳ್ತೀಯೇನವ್ವ" ಎಂದು ನಾನು ಬೋರಿನ ನಳದ ಕೆಳಗೆ ಬೋಗುಣಿ ಹಿಡಿದೆ.

ಗುಳ್ಳೆ ಬರಲಿಲ್ಲ. ಮೊಸರು ಬಂತು. ಬಿಳಿ ಬಿಳಿ ಗಡ್ಡೆಗಳು ತೇಲಿ, ಬಳೆಯಲ್ಲಿ ಪದರವೇ ಕೂಡಲಿಲ್ಲ. ನಾನು ಸಾಬೂನು ಹಳೆಯದೆಂದೆ. ಹೊಸ ಸಾಬೂನು ಬಂತು, ಹೊಸ ಮೊಸರಾಯಿತು. ಬಿಸಿಲು ಸರಿಯಿಲ್ಲವೆಂದು ನೆರಳಿಗೆ ಬಂದೆವು. ಗಾಳಿ ಸರಿಯಿಲ್ಲವೆಂದು ಗೋಡೆಯ ಮರೆಗೆ ಹೋದೆವು. ಎದುರಿನ ಕಟ್ಟೆಯ ಮೇಲೆ ಕೂತ ಮುದುಕ ಅಂಬಣ್ಣನ ಕಣ್ಣು ತಾಗುತ್ತಿದೆಯೆಂದು ಅವನಿಗೆ ಬೆನ್ನು ಮಾಡಿ ಕೂತೆವು. ಶೀಲಾಳ ಮುಖ ಬೋಗುಣಿಗಿಂತ ಬೆಳ್ಳಗಾಗುತ್ತಿತ್ತು.

"ಏನ್ರಿ ಜಮಾಯಿ," ಅಂಬಣ್ಣ ಕಟ್ಟೆಯಿಂದಲೇ ಕೇಳಿದ, "ನೀರು ಚೆಕ್ ಮಾಡಾಕತ್ತೀರೇನು?"

ಮೊಸರು ಮಾಡುತ್ತಿದ್ದೇನೆ ಎಂದು ಹೇಳಲು ಯಾವ ಅಳಿಯನಿಗೆ ಬಾಯಿ ಬಂದೀತು? "ಹೌದು," ಎಂದೆ ಗಂಭೀರವಾಗಿ. "ನೀರಿನ ತಪಾಸಣಿ."

ಇಷ್ಟೇ ನಾನು ಆಡಿದ್ದು. ಉಳಿದದ್ದನ್ನು ಕಮಲಾಪುರ ಆಡಿತು. ಮಾತು ಓಣಿಯ ಒಂದು ತುದಿಗೆ ಹೋಗುವಷ್ಟರಲ್ಲಿ ನಾನು ಕಲಬುರಗಿಯಿಂದ ಬಂದ ನೀರಿನ ಸಾಹೇಬನಾಗಿದ್ದೆ. ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ, ಯಾವ ಓಣಿಯ ನೀರು ಪಾಸಾಗುತ್ತದೋ ಆ ಓಣಿಗೆ ಹೊಸ ನೀರಿನ ಟಾಕಿ ಮಂಜೂರಾಗಿತ್ತು. ನಾಳೆ ಇನ್ನೂ ದೊಡ್ಡ ಸಾಹೇಬರು ಶಾಲೆಗೇ ಬಂದು ಸಹಿ ಹಾಕುತ್ತಾರಂತೆ. ಅಂಗಳದ ಮುಂದೆ ಕೊಡಗಳ ಸಾಲು ನಿಂತಿತು. ಬರುವ ಟೆಂಪೋ ನಿಂತಿತು, ಅದರ ಹಿಂದೆ ಎಮ್ಮೆಯೂ ನಿಂತಿತು.

"ಸಾಹೇಬ್ರ, ನಮ್ಮ ಕೊಡ ಮೊದಲು ನೋಡ್ರಿ."

"ನಿಂದೇನು ಮೊದಲು? ಅವರು ನಮ್ಮ ಓಣಿ ಅಳಿಯಾಂದ್ರು."

ಸಾಹೇಬ ಎಂಬ ಮಾತು ಬಿಸಿ ಮಿರ್ಚಿ ಭಜಿಯಂತೆ. ಬೇಡ ಎನ್ನಬೇಕೆಂದು ಬಾಯಿ ತೆರೆದರೆ ಆಗಲೇ ಒಳಗೆ ಹೋಗಿರುತ್ತದೆ. ನಾನು ಎಲ್ಲ ಕೊಡಗಳಲ್ಲೂ ಬೆರಳದ್ದಿ, ಆಕಾಶ ನೋಡಿ, ಹುಂ ಎಂದೆ.

ಅಷ್ಟರಲ್ಲಿ ಸೊಂಟದ ಮೇಲೆ ಹಿತ್ತಾಳೆಯ ಕೊಡವಿಟ್ಟುಕೊಂಡು ಕೆಳಗಿನ ಓಣಿಯ ಚಂದಮ್ಮ ಬಂದಳು. ಅತ್ತೆ ಕಸಬರಿಗೆಯನ್ನು ಬಾಗಿಲಿಗೆ ಅಡ್ಡ ಹಿಡಿದರು. ಮಾತಿಲ್ಲದ ಕಾರಣ ಇಬ್ಬರೂ ಅಂಬಣ್ಣನನ್ನು ನೋಡಿ ಜಗಳವಾಡಿದರು.

"ಅಂಬಣ್ಣ ಮಾವ, ಆ ಓಣಿ ನೀರು ನಮ್ಮ ಅಂಗಳಕ್ಕ ಬರಬಾರದಂತ ಹೇಳ್ರಿ."

"ಅಂಬಣ್ಣ ಮಾವ, ಅಂಗಳ ಅವರದು, ಇಟ್ಕೋಲಿ. ನಾಳಿ ಸಾಲಿಗೇ ತರ್ತೀನಿ. ಸಾಲಿ ಯಾರ ಅಪ್ಪಂದೂ ಅಲ್ಲ ಅಂತ ಹೇಳ್ರಿ."

ಅಂಬಣ್ಣ ಇಬ್ಬರಿಗೂ ತಲೆಯಾಡಿಸಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ.

ಈ ಗದ್ದಲದಲ್ಲಿ ನನಗೆ ಒಂದು ದಾರಿ ಕಂಡಿತು. ಅಡುಗೆ ಮನೆಯ ಮೂಲೆಯಲ್ಲಿ ಅತ್ತೆಯ ಕೆಂಪು ಗಡಿಗೆಯೊಂದಿತ್ತು. ಬೇಳೆಗೆ ಹಾಕುವ ನೀರು ಅದರದೇ. ಹಿಂದಿನ ದಿನವೇ ತುಂಬಿಟ್ಟು ತಿಳಿಯಾಗಿಸಿದ ಬೋರಿನ ನೀರು ಅದು ಎಂದು ಅತ್ತೆ ಹೇಳುತ್ತಿದ್ದರು. ಅದನ್ನು ಮುಟ್ಟುವ ಅಧಿಕಾರ ಮನೆಯಲ್ಲಿ ಯಾರಿಗೂ ಇರಲಿಲ್ಲ. ಶೀಲಾ ಎಷ್ಟೇ ವಿಜ್ಞಾನ ಓದಿರಲಿ, ಹೆತ್ತ ತಾಯಿಯ ಗಡಿಗೆ ಮುಟ್ಟುವ ಧೈರ್ಯವನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ನಾನು ಕುಕ್ಕರಿನವನು. ಮುಟ್ಟಿದೆ. ಒಂದು ಚರಿಗೆ ತುಂಬಿ ತಂದು ಸಾಬೂನು ಕಲಸಿದೆ, ಬಳೆ ಅದ್ದಿದೆ, ಊದಿದೆ.

ತೆಂಗಿನಕಾಯಿ ಗಾತ್ರದ ಗುಳ್ಳೆ. ಕುಂಬಳಕಾಯಿ ಗಾತ್ರದ ಗುಳ್ಳೆ. ಕಾಮನಬಿಲ್ಲು ಮೈಮೇಲೆ ಹೊದ್ದುಕೊಂಡು ಒಂದರ ಹಿಂದೆ ಒಂದು ಅಂಗಳದಿಂದ ಎದ್ದು, ಎಮ್ಮೆಯ ಕೋಡಿಗೆ ತಾಗಿ ಒಡೆದವು. ಓಣಿ ಚಪ್ಪಾಳೆ ಹೊಡೆಯಿತು.

"ಯಾವ ನೀರು ಹಾಕಿದ್ರಿ ಭಾವ?" ಶೀಲಾಳಿಗೆ ಉಸಿರು ಮರಳಿತ್ತು.

"ನಿಮ್ಮ ಮನೀದೇ. ಮ್ಯಾಲಿನ ಓಣಿದೇ. ಮೊದಲಿನ ಸಲ ಸಾಬಾಣಕ್ಕ ನನ್ನ ಪರಿಚಯ ಇರಲಿಲ್ಲ." ಹೀಗೆಂದು ನಾನು ಜನದ ಕಡೆ ತಿರುಗಿ ತೀರ್ಪು ಕೊಟ್ಟೆ: "ಮ್ಯಾಲಿನ ಓಣಿ ನೀರು ಫಸ್ಟ್ ಕ್ಲಾಸ್ ಪಾಸು."

ಎಲ್ಲರೂ ಹಿಗ್ಗಿದರು, ಅತ್ತೆಯೊಬ್ಬರನ್ನು ಬಿಟ್ಟು. ಅವರು ನನ್ನ ಕೈಯ ಚರಿಗೆಯನ್ನು ನೋಡುತ್ತಿದ್ದರು.

"ಗಡಗಿ ಮುಟ್ಟೀರೇನು?"

"ಅದೂ ಬೋರಿನ ನೀರೇ ಅಲ್ಲೇನ್ರಿ ಅತ್ತಿ?"

ಅತ್ತೆ ಮಾವನ ಮುಖ ನೋಡಿದರು. ಮಾವ ಚಹಾದ ಬಸಿಯೊಳಗೆ ಮುಖವಿಟ್ಟು ಕೆಮ್ಮತೊಡಗಿದರು. "ಮತ್ತಿನ್ನೇನು," ಎಂದರು ಅತ್ತೆ, ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಉಳಿದ ಗುಳ್ಳೆ ನೀರನ್ನು ನಾನು ಬಾಟಲಿಗೆ ತುಂಬಿ ನಾಳೆಗೆಂದು ಮುಚ್ಚಳ ಬಿಗಿದೆ.

ಸೋಮವಾರ ಶಾಲೆಯ ಅಂಗಳದಲ್ಲಿ ಮಕ್ಕಳಿಗಿಂತ ಕೊಡಗಳೇ ಹೆಚ್ಚಿದ್ದವು. ಹೆಡ್‌ಮಾಸ್ತರರು ಎಷ್ಟು ಕೈಮುಗಿದರೂ ಯಾರೂ ಕದಲಲಿಲ್ಲ. ಟಾಕಿಯ ಮಾತು ಅದು. ಪಾಠ ನೋಡಲು ಬಂದ ಅಜರ್ ಸಾಹೇಬರು ಬೈಕಿನಿಂದ ಇಳಿದು ಹೆಲ್ಮೆಟ್ ತೆಗೆದು, ಜನವನ್ನೂ ಕೊಡಗಳನ್ನೂ ನೋಡಿ, "ಇಲ್ಲಿ ನೀರಿಗಿ ಅಷ್ಟು ತ್ರಾಸು ಅದೇನು?" ಎಂದರು. "ಇಲ್ಲ ಸಾಹೇಬ್ರ, ತಮ್ಮ ಸಹಿ ಸಲುವಾಗಿ ತಂದೀವಿ" ಎಂದ ಅಂಬಣ್ಣ. ಸಾಹೇಬರು ತಮ್ಮ ಪೆನ್ನನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

ಶೀಲಾ ಪಾಠ ಶುರುಮಾಡಿದಳು. ಬಾಟಲಿಯ ನೀರಿಗೆ ಬಳೆ ಅದ್ದಿ ಊದಿದಳು. ಒಣ ಬೆರಳು ಮುಟ್ಟಿಸಿದಳು, ಗುಳ್ಳೆ ಒಡೆಯಿತು. ತೋಯ್ದ ಬೆರಳನ್ನು ಗುಳ್ಳೆಯೊಳಗೇ ತೂರಿಸಿ ಹೊರಗೆ ತೆಗೆದಳು, ಒಡೆಯಲಿಲ್ಲ. ಮಕ್ಕಳು ಓ ಎಂದರು. ಸಾಹೇಬರು ಮುಗುಳ್ನಕ್ಕರು.

"ಚಲೋ ಮೇಡಂ. ನೀರು ಎಲ್ಲೀದು?"

"ನಮ್ಮ ಮ್ಯಾಲಿನ ಓಣಿ ಬೋರಿಂದು ಸರ್. ಸಾಲಿ ನಳಕ್ಕೂ ಅದೇ ಬರ್ತದ."

"ಹಂಗಾದ್ರ ನಳದ ನೀರಿಂದ ನನ್ನ ಮುಂದೇ ಒಮ್ಮೆ ಮಾಡ್ರಿ. ನನಗ ತಯಾರು ಮಾಲಿಗಿಂತ ಮಾಡೋದು ನೋಡಾಕ ಖುಷಿ."

ಶೀಲಾ ನಳ ತಿರುಗಿಸಿದಳು. ಸಾಬೂನು ತುರಿದಳು, ಕಲಸಿದಳು. ಮೊಸರು.

ಮತ್ತೊಮ್ಮೆ ಮಾಡಿದಳು. ಮತ್ತೆ ಮೊಸರು. ಸಾಹೇಬರ ನಗೆ ಹೋಗಿ ಹುಬ್ಬು ಬಂತು. ಅವರು ಬಾಟಲಿಯನ್ನೆತ್ತಿ ಮೂಸಿದರು.

"ಇದರಾಗ ಬ್ಯಾರೆ ಏನೋ ಕೂಡಿಸೀರಿ. ಮನಿ ಸಾಮಾನಿಂದ ಮಾಡೀನಿ ಅಂತ ಹೇಳಿ ಅಂಗಡೀದು ತಂದ್ರ ಅದು ಪಾಠ ಅಲ್ಲ ಮೇಡಂ, ಜಾದೂ."

ಈಗ ನಾನು ಸುಮ್ಮನಿದ್ದರೆ ಸಾಕಿತ್ತು. ಆದರೆ ನಾದಿನಿಯ ಕಣ್ಣಲ್ಲಿ ನೀರು ಕಂಡಾಗ ಕೈಕಟ್ಟಿ ಕೂಡುವವನು ನಾನಲ್ಲ. ಎದ್ದು ನಿಂತು, "ಸಾಹೇಬ್ರ, ಅದು ನನ್ನ ಗುಪ್ತ ಫಾರ್ಮುಲಾ" ಎಂದೆ.

"ನೀವು ಯಾರು?"

"ಇವರೇ ಕಲಬುರಗಿ ನೀರಿನ ಸಾಹೇಬ್ರು," ಎಂದಿತು ಜನ.

"ಯಾವ ಆಫೀಸು?"

ನನ್ನ ಬಾಯಿಯಿಂದ "ಕುಕ್ಕರ್" ಎಂಬ ಒಂದೇ ಶಬ್ದ ಹೊರಟಿತು. ಸಾಹೇಬರು ಪೆನ್ನಿನ ಕ್ಯಾಪು ತೆಗೆದರು. "ಅಂದ್ರ ಮೇಡಂ ಸುಳ್ಳು ಹೇಳಿದ್ರು," ಎಂದು ಕಾಗದ ತೊಡೆಯ ಮೇಲಿಟ್ಟುಕೊಂಡರು. ಶೀಲಾ ಅಳಲಿಲ್ಲ, ಬಳೆಯನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿದಳು. ಅದು ಅಳುವುದಕ್ಕಿಂತ ಕೆಟ್ಟದಾಗಿತ್ತು. ಪಕ್ಕದಲ್ಲಿದ್ದ ಅಂಬಿಕಾ ನನ್ನ ಅಂಗಿ ಹಿಡಿದೆಳೆದು ಕೂಡಿಸಿದಳು.

ಆಗ ಹೆಂಗಸರ ಸಾಲಿನಿಂದ ಅತ್ತೆ ಎದ್ದರು. ಸೆರಗು ಹೊದ್ದು, ಸಾಹೇಬರ ಮುಂದೆ ಬಂದು ನಿಂತರು.

"ಬರೀಬ್ಯಾಡ್ರಿ ಸಾಹೇಬ್ರ. ನನ್ನ ಮಗಳು ಸುಳ್ಳು ಹೇಳಿಲ್ಲ. ಆಕಿಗಿ ಗೊತ್ತೇ ಇಲ್ಲ. ಸುಳ್ಳು ನಂದು." ಬಾಟಲಿಗೆ ಬೆರಳು ಮಾಡಿದರು. "ಆ ನೀರು ನಮ್ಮ ಓಣಿದಲ್ಲ. ನಮ್ಮ ಬೋರಿನ ನೀರಾಗ ಸಾಬಾಣನೂ ಕರಗಂಗಿಲ್ಲ, ಬ್ಯಾಳಿನೂ ಬೇಯಂಗಿಲ್ಲ. ದಿನಾ ಮುಂಜಾನಿ ನಮ್ಮ ಯಜಮಾನ್ರು ಶಾಲಿನಾಗ ಕ್ಯಾನು ಮುಚ್ಚಿಕೊಂಡು ಕೆಳಗಿನ ಓಣಿಗಿ ಹೋಗಿ ತರ್ತಾರ. ಮೆಹಬೂಬಿ ಮನಿ ಬಾವೀದು."

ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಶಾಲನ್ನು ಕಿವಿಯವರೆಗೆ ಎಳೆದುಕೊಂಡರು.

ಕೆಳಗಿನ ಓಣಿಯ ಗುಂಪಿನಲ್ಲಿ ಮೆಹಬೂಬಿ ಮೊಮ್ಮಗಳನ್ನು ಕಂಕುಳಿಂದ ಇಳಿಸಿದಳು. "ನಮ್ಮ ಬಾವೀದು? ಭಾಗಮ್ಮಕ್ಕ, ನಮ್ಮ ಬಾವಿ ಬತ್ತಿ ಎಷ್ಟು ದಿನಾತು. ಈಗ ಅದರಾಗ ಕೋಳಿ ಬಿಟ್ಟೀವಿ."

ಅತ್ತೆ ಗಂಡನ ಕಡೆ ನಿಧಾನವಾಗಿ ತಿರುಗಿದರು. "ಏನ್ರಿ. ಮತ್ತ ಯಾರ ಬಾವೀದು?"

ಉತ್ತರ ಕೊಟ್ಟವಳು ಚಂದಮ್ಮ. ಇಷ್ಟು ವರ್ಷಗಳ ಮೇಲೆ ಮೊದಲ ಸಲ, ನಡುವೆ ಅಂಬಣ್ಣನಿಲ್ಲದೆ.

"ನಂದು. ಅವರಿಗರ ಹಗ್ಗ ಎಳಿಯಾಕ ಎಲ್ಲಿ ಆಗ್ತದ, ನಾನೇ ಸೇದಿ ತುಂಬಿ ಕೊಡ್ತೀನಿ. ದಿನಾ ಹೋಗೋವಾಗ ಹೇಳ್ತಾರ, ನಮ್ಮಾಕಿಗಿ ಹೇಳಬ್ಯಾಡ ಚಂದಮ್ಮ ಅಂತ. ಹೇಳಿಲ್ಲ."

"ನಿನ್ನ ಬಾವಿ ನೀರಿಂದ ಬ್ಯಾಳಿ ಮಾಡಿ, ನಿನ್ನ ಓಣಿಗೇ ಬಯ್ತಿದ್ದೆ ನಾ."

"ಬಯ್ದಿದ್ದು ಕೇಳ್ತಿತ್ತು. ಒಗ್ಗರಣಿ ವಾಸನಿನೂ ಬರ್ತಿತ್ತು. ಬೆಂದದ ಅಂತ ಸಮಾಧಾನ ಆಗ್ತಿತ್ತು."

ಚಂದಮ್ಮ ತನ್ನ ಹಿತ್ತಾಳೆ ಕೊಡವನ್ನು ತಂದು ಸಾಹೇಬರ ಮುಂದಿಟ್ಟಳು. ಶೀಲಾ ಅದರಿಂದ ಒಂದು ಚರಿಗೆ ತೆಗೆದು ಅದೇ ಸಾಬೂನು ಕಲಸಿದಳು. ಒಂದು ಗಡ್ಡೆಯೂ ಇಲ್ಲ. ನೊರೆ ಅಂಚಿನವರೆಗೆ ಎದ್ದಿತು. ಆಮೇಲೆ ಅವಳ ತಲೆ ಎದ್ದಿತು, ದನಿಯೂ ಎದ್ದಿತು.

"ನೋಡ್ರಿ ಸರ್, ಬೋರಿನ ನೀರು ಗಡಸು. ಭೂಮ್ಯಾಗಿನ ಸುಣ್ಣ ಅದರಾಗ ಕರಗೇದ. ಅದು ಸಾಬಾಣ ಹಿಡಕೊಂಡು ಗಡ್ಡಿ ಮಾಡ್ತದ, ಬ್ಯಾಳಿನೂ ಮೆತ್ತಗ ಆಗಾಕ ಬಿಡಂಗಿಲ್ಲ. ಚಂದಮ್ಮಕ್ಕನ ಬಾವಿ ಹಳ್ಳದ ದಂಡಿಗದ, ಅದರಾಗ ಮಳಿ ನೀರು ಇಳೀತದ. ಇದು ಮೆದು."

ಸಾಹೇಬರು ಪೆನ್ನು ಹಿಡಿದು ನಕ್ಕರು. "ಗುಳ್ಳಿ ನೋಡಾಕ ಬಂದಿದ್ದೆ. ನೀವು ಊರಿನ ನೀರನ್ನೇ ಓದಿಸಿಬಿಟ್ರಿ. ಇಂಥಾ ಪಾಠ ಮುಂದಿನ ವರ್ಷನೂ ಬೇಕಲ್ಲ." ಹೆಡ್‌ಮಾಸ್ತರರು ಅಲ್ಲಿಯೇ ತಲೆಯಾಡಿಸಿದರು. ಶೀಲಾಳ ನೌಕರಿ ಉಳಿಯಿತು.

ಆಗ ನಾನು ಸುಮ್ಮನಿರಲಾರದೆ ಮುಂದೆ ಹೋಗಿ, ಬಳೆಯನ್ನು ಚಂದಮ್ಮನ ನೀರಿನಲ್ಲಿ ಅದ್ದಿ, ಎದೆ ತುಂಬ ಉಸಿರೆಳೆದು ಊದಿದೆ. ಅದೇ ಆ ಗುಳ್ಳೆ. ಸಾಹೇಬರ ತಲೆ ನುಂಗಿ, ಹೆಡ್‌ಮಾಸ್ತರರನ್ನು ನುಂಗಿ, ಎರಡೂ ಓಣಿಗಳನ್ನು ಕೊಡಗಳ ಸಮೇತ ನುಂಗಿತು.

ಆ ಮಧ್ಯಾಹ್ನ ಅತ್ತೆ ಬಾಗಿಲು ತೆರೆದಿಟ್ಟು ಬೇಳೆ ಮಾಡಿದರು. ಚಂದಮ್ಮ ಪಂಕ್ತಿಯಲ್ಲಿ ಕೂತು ಒಂದು ತುತ್ತು ಬಾಯಿಗಿಟ್ಟಳು. ಮೇಲಿನ ಓಣಿ, ಕೆಳಗಿನ ಓಣಿ, ಕಟ್ಟೆಯ ಅಂಬಣ್ಣ, ಎಲ್ಲರೂ ಅವಳ ದವಡೆಯನ್ನೇ ನೋಡುತ್ತಿದ್ದರು. ಅವಳು ನಿಧಾನವಾಗಿ ಅಗಿದಳು, ನುಂಗಿದಳು.

"ಬೆಂದದ ಭಾಗಿ," ಎಂದಳು.

ಇಷ್ಟು ಬರೆದು, ನನ್ನ ಅಂಗಡಿಯ ಮುಂದೆ ಮಂಜೂರ್ ಭಾಯಿಗೆ ಓದಿ ಹೇಳುತ್ತಿದ್ದೆ. ಅವನು ಕಣ್ಣೊರೆಸಿಕೊಳ್ಳುತ್ತಾನೆಂದು ಕಾದೆ. ಅವನು ನನ್ನ ಬೆನ್ನ ಹಿಂದೆ ನೋಡುತ್ತಿದ್ದ. ಅಲ್ಲಿ ಊಟದ ಡಬ್ಬಿ ಹಿಡಿದು ಅಂಬಿಕಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಮೊದಲಿಗಿ ಗುಳ್ಳಿ ಇಲ್ಲಿಂದ ಹಾರಿ ಕಮಲಾಪುರಕ್ಕ ಹೋತು ಅಂದ್ರಿ. ಈಗ ಅಲ್ಲೇ ಸಾಲ್ಯಾಗ ಊದಿದೆ ಅನ್ನಾಕತ್ತೀರಿ. ಎರಡರಾಗ ಯಾವುದು ಖರೇ?"

"ಎರಡು ಗುಳ್ಳಿ ಇದ್ವು," ಎಂದೆ.

ಅವಳು ಮಂಜೂರ್ ಭಾಯಿಯ ಅಂಗಡಿಯಿಂದ ಒಂದು ತುಂಡು ಸಾಬೂನು ತೆಗೆದುಕೊಂಡಳು, ಡಬ್ಬಿಯ ಜೊತೆ ತಂದಿದ್ದ ಕುಡಿಯುವ ನೀರಿನಲ್ಲಿ ಕಲಸಿದಳು, ನನ್ನದೇ ಅಂಗಡಿಯ ತಂತಿಯನ್ನು ಬಳೆ ಮಾಡಿ ಕೈಗಿಟ್ಟಳು. "ನಮ್ಮ ಚಂದಮ್ಮಕ್ಕ ಕಳಿಸಿದ ನೀರದ. ನೀರಿನ ನೆವ ಹೇಳಂಗಿಲ್ಲ. ಒಂದು ಊದಿ ತೋರಿಸ್ರಿ."

ಊದಿದೆ. ಪದರ ಹರಿದು ಮಂಜೂರ್ ಭಾಯಿಯ ಗಡ್ಡಕ್ಕೆ ಹನಿಯಿತು. ಮತ್ತೆ ಊದಿದೆ. ಮತ್ತೆ ಗಡ್ಡಕ್ಕೆ.

"ಇವರಿಗಿ ಮೆಲ್ಲಕ ಊದಾಕೇ ಬರಂಗಿಲ್ಲ ಭಾಯಿ," ಎಂದಳು ಅಂಬಿಕಾ. "ಗಾಳಿ ಜಾಸ್ತಿ. ಅಂಗಳದಾಗ ಊದಿದಾಕಿ ಶೀಲಾ, ಇವರು ಚರಿಗಿ ಹಿಡಕೊಂಡು ನಿಂತಿದ್ರು. ಸಾಲ್ಯಾಗಿನ ಕಡೀ ಗುಳ್ಳಿ ಊದಿದವರು ಯಾರು, ನೀವೇ ಹೇಳ್ರಿ."

ಮಂಜೂರ್ ಭಾಯಿ ಗಡ್ಡ ಒರೆಸಿಕೊಳ್ಳುತ್ತ ಕಾದ. ಹೇಳದೆ ಡಬ್ಬಿ ಸಿಗುವ ಲಕ್ಷಣ ಕಾಣಲಿಲ್ಲ. ಹೇಳಿದೆ.

ಊದಿದವರು ಅತ್ತೆ. ಚಂದಮ್ಮ ಬಳೆಯನ್ನು ಅದ್ದಿ ಅವರ ಬಾಯಿಯ ಮುಂದೆ ಹಿಡಿದು, ಮೆಲ್ಲಕ ಭಾಗಿ, ಮೆಲ್ಲಕ, ಎನ್ನುತ್ತಿದ್ದಳು. ಗುಳ್ಳೆ ಒಂದು ನಿಂಬೆಹಣ್ಣಿನಷ್ಟಿತ್ತು. ಅಲ್ಲಿಂದ ಎದ್ದು, ಶಾಲೆಯ ನಳದವರೆಗೂ ಹೋಗದೆ, ಚಂದಮ್ಮನ ಮೂಗಿನ ನತ್ತಿಗೆ ತಾಗಿ ಒಡೆಯಿತು. ನಾನು ಆಗ ಅಲ್ಲಿರಲಿಲ್ಲ. ಟಾಕಿ ಎಲ್ಲಿ ಎಂದು ಕೇಳುತ್ತಿದ್ದ ಜನಕ್ಕೆ ಹೆದರಿ ಶಾಲೆಯ ಹಿಂದೆ ಅಡಗಿ ಕೂತಿದ್ದೆ, ಕಿಟಕಿಯಿಂದ ನೋಡಿದ್ದು.

ಅಂಬಿಕಾ ಡಬ್ಬಿ ತೆರೆದು ಕೊಟ್ಟಳು. ಬೇಳೆ ಬೆಂದಿತ್ತು.